ಉಬ್ಬೋ ತಗ್ಗೋ: ಬೆಳಕು ಮೇಲಿಂದಲೇ ಬರುತ್ತದೆಂಬ ನಂಬಿಕೆ

ಚಿಕ್ಕಬಳ್ಳಾಪುರದ ಗೆಳೆಯರೆ,

ನಮ್ಮ ಅಕ್ಷಿಪಟದ (ಕಣ್ಣಿನ ಒಳಗೋಡೆಯ ಪರದೆ) ಮೇಲೆ ಮೂಡುವ ಚಿತ್ರಕ್ಕೆ ಉದ್ದ ಅಗಲ ಉಂಟು, ಆಳವಿಲ್ಲ. ಬೆಟ್ಟ ಎಷ್ಟು ದೂರ, ಕೈಲಿರುವ ಮಾವಿನಹಣ್ಣು ಎಷ್ಟು ಗುಂಡಗೆ, ಎಲ್ಲವೂ ಮಿದುಳು ಹಾಕುವ ಲೆಕ್ಕ.

ಎರಡು ಕಣ್ಣಿರುವುದರಿಂದ ಆಳ ತಿಳಿಯುತ್ತದೆ ಅಂತ ಓದಿರುತ್ತೀರಿ. ಸರಿಯೇ. ಕಣ್ಣುಗಳ ನಡುವೆ ಆರು ಚಿಲ್ಲರೆ ಸೆಂಟಿಮೀಟರ್ ಅಂತರ. ಎಡಗಣ್ಣಿನ ಚಿತ್ರವೇ ಬೇರೆ, ಬಲಗಣ್ಣಿನದೇ ಬೇರೆ. ಆ ಸಣ್ಣ ವ್ಯತ್ಯಾಸವೊಂದೇ ಆಳ ಹುಟ್ಟಿಸಬಲ್ಲದೆಂದು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ರೇಖಾಚಿತ್ರ, ಎರಡು ಕನ್ನಡಿ ಇಟ್ಟು ತೋರಿಸಿದರು. ಸೂಜಿಗೆ ದಾರ ಪೋಣಿಸಲು ಇದು ದೊಡ್ಡ ಆಸರೆ. ನಂದಿಬೆಟ್ಟ ನೋಡುವಾಗ ಹೆಚ್ಚು ಪ್ರಯೋಜನವಿಲ್ಲ. ಅಷ್ಟು ದೂರಕ್ಕೆ ಎರಡೂ ಚಿತ್ರ ಹೆಚ್ಚುಕಮ್ಮಿ ಒಂದೇ. ಅಲ್ಲಿ ಮಿದುಳು ಗಾಳಿಯ ಮಬ್ಬನ್ನು ನೋಡುತ್ತದೆ: ಮಬ್ಬು ಹೆಚ್ಚಿದ್ದರೆ ದೂರ, ಕಡಿಮೆಯಿದ್ದರೆ ಹತ್ತಿರ. ಮಳೆ ಬಿಟ್ಟ ಮೇಲೆ ಬೆಟ್ಟ ಊರಿನತ್ತ ಸರಿದಂತೆ ಕಾಣುವುದು ಅದಕ್ಕೇ. ಚಲನೆಯೂ ಒಂದು ಸುಳಿವು: ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಹತ್ತಿರದ ನೀಲಗಿರಿ ಮರಗಳು ಹಿಂದಕ್ಕೆ ಓಡುತ್ತವೆ, ಬೆಟ್ಟ ಜೊತೆಗೇ ಬರುತ್ತದೆ. ಈ ಎರಡಕ್ಕೂ ಒಂದು ಕಣ್ಣು ಸಾಕು.

ನನಗೆ ಇವೆಲ್ಲಕ್ಕಿಂತ ಸೋಜಿಗವೆಂದರೆ ನೆರಳು. ಹೊರಗೆ ಬಿಸಿಲಲ್ಲಿ ನಿಂತ ಯಾವುದಾದರೂ ಶಾಸನದ ಕಲ್ಲನ್ನು ಫೋನಿನಲ್ಲಿ ಫೋಟೊ ತೆಗೆದು, ತಲೆಕೆಳಗಾಗಿಸಿ ನೋಡಿ. (ಆಟೊ ರೊಟೇಟ್ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಫೋನು ನಿಮ್ಮ ಪ್ರಯೋಗ ಕೆಡಿಸುತ್ತದೆ.) ಉಳಿಯಿಂದ ತೋಡಿದ ಅಕ್ಷರಗಳು ಎಷ್ಟೋ ಸಲ ಉಬ್ಬಿ ನಿಲ್ಲುತ್ತವೆ! ಮೇಲಂಚು ಬೆಳಗಿದ್ದರೆ ಉಬ್ಬು, ಕೆಳಂಚು ಬೆಳಗಿದ್ದರೆ ತಗ್ಗು ಅಂತ ಮಿದುಳಿನ ತೀರ್ಪು. ಸೂರ್ಯ ಮೇಲಿರುತ್ತಾನೆಂಬುದು ಅದಕ್ಕೆ ಕೇಳಿ ತಿಳಿಯಬೇಕಾದ ಸಂಗತಿಯಲ್ಲ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಬರೀ ಛಾಯೆ ತುಂಬಿದ ವೃತ್ತಗಳಿಂದ ಇದನ್ನು ಪರೀಕ್ಷಿಸಿದರು. ತಲೆ ಓರೆ ಮಾಡಿದರೆ ಮಿದುಳಿನ 'ಮೇಲೆ' ಎನ್ನುವುದೂ ತಲೆಯ ಜೊತೆ ಓರೆಯಾಗುತ್ತದೆ. ಆಕಾಶ ಎಲ್ಲಿದೆ ಎಂಬುದಕ್ಕೆ ಬೆಲೆ ಕಡಿಮೆಯೇ. ಇನ್ನೊಂದು ಹಟವೂ ಇದೆ: ಇಡೀ ನೋಟಕ್ಕೆ ದೀಪ ಒಂದೇ. ಇಂಥ ವೃತ್ತಗಳ ಒಂದು ಸಾಲಿಗೆ ಎಡದಿಂದ, ಇನ್ನೊಂದಕ್ಕೆ ಬಲದಿಂದ ಬೆಳಕು ಬಿದ್ದಂತೆ ಬರೆದರೂ ಎರಡು ದೀಪ ಒಪ್ಪದೆ, ಒಂದು ಸಾಲನ್ನು ಉಬ್ಬು, ಇನ್ನೊಂದನ್ನು ತಗ್ಗು ಮಾಡಿಬಿಡುತ್ತದೆ.

ಸವೆದ ಶಾಸನ ಓದುವವರು ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಹಿಡಿಯುವುದು ಇದೇ ನೆರಳಿಗಾಗಿ. ನೇರ ಬೆಳಕಿನಲ್ಲಿ ಕಾಣದ ಗೀರೂ ಎದ್ದು ಕಾಣುತ್ತದೆ.

ಮುಖ ಬಂದರೆ ಮಾತ್ರ ಕಥೆ ಬೇರೆ. ಗೌರಿಹಬ್ಬಕ್ಕೆ ಗಣಪತಿ ಮಾಡುವವರ ಬಳಿ ಅಚ್ಚು ಇರುತ್ತದಲ್ಲ, ಒಳಗಡೆ ಪೂರ್ತಿ ಹಳ್ಳ. ಇಂಥ ಹಳ್ಳ, ಮನುಷ್ಯನ ಮುಖದ್ದಾದರೆ, ನಾಲ್ಕು ಹೆಜ್ಜೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ: ಮೂಗು ಮುಂದಕ್ಕೆ ಬರುತ್ತದೆ, ನೀವು ಪಕ್ಕಕ್ಕೆ ಸರಿದರೆ ಅದೂ ನಿಮ್ಮತ್ತ ತಿರುಗಿದಂತಾಗುತ್ತದೆ. ಒಳಕ್ಕೆ ಹೋದ ಮೂಗನ್ನು ಮಿದುಳು ನಂಬಲು ಸಿದ್ಧವಿಲ್ಲ. ಎರಡೂ ಕಣ್ಣು ಬಿಟ್ಟು ಹತ್ತಿರ ಬಂದಾಗ, ಆ ಆರು ಸೆಂಟಿಮೀಟರ್ ಲೆಕ್ಕ ಗೆದ್ದು, ಹಳ್ಳ ಹಳ್ಳವಾಗಿ ಕಾಣುತ್ತದೆ.