ಪಿತ್ತದ ಗಂಧೆ ಮತ್ತು ಮುಂದಿನ ಮೆಟ್ಟಿಲು

ಎಲ್ಲರಿಗೂ ನಮಸ್ಕಾರ. ಇವತ್ತು ಪಿತ್ತದ ಗಂಧೆಯ ಬಗ್ಗೆ ಮಾತಾಡ್ತೀನಿ. ಮೈಮೇಲೆ ಕೆಂಪಗೆ ದದ್ದು ಎದ್ದು ಉರಿಯುತ್ತದಲ್ಲ, ಅದೇ. ಒಂದು ಸಲ ಬಂದು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡಪತ್ರೆ ರಸ ಹಚ್ಚುತ್ತಾರೆ, ಕಂಬಳಿಯಲ್ಲಿ ಉಜ್ಜುತ್ತಾರೆ, ಕರಾವಳಿ ಕಡೆ ಪುನರ್ಪುಳಿ ಶರಬತ್ತು ಕುಡಿಸುತ್ತಾರೆ, ಮುಗೀತು. ಆದರೆ 6 ವಾರ ದಾಟಿದರೂ ಏಳುತ್ತಲೇ ಇದ್ದರೆ ಅದು ದೀರ್ಘಕಾಲದ ಕಾಯಿಲೆ. ನನ್ನದು ಆ ಜಾತಿಯದು.

ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಚಿಕಿತ್ಸೆ ಕೊಡಬೇಕು ಅಂತ ವೈದ್ಯರ ಮಾರ್ಗಸೂಚಿ ಇದೆ. ಮೊದಲು ಸೆಟಿರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಥರದ ಅಲರ್ಜಿ ಮಾತ್ರೆ, ಮಾಮೂಲಿ ಪ್ರಮಾಣದಲ್ಲಿ. ಜಗ್ಗದಿದ್ದರೆ ಅದೇ ಮಾತ್ರೆ ನಾಲ್ಕು ಪಟ್ಟಿನವರೆಗೆ, ಅದೂ ವೈದ್ಯರು ಹೇಳಿದರೆ ಮಾತ್ರ. (ಆ ಚೀಟಿ ನೋಡಿದ ಮೆಡಿಕಲ್ ಶಾಪಿನವರ ಮುಖ ನೋಡಬೇಕು ನೀವು!) ಆಮೇಲೆ ಒಮಾಲಿಜುಮ್ಯಾಬ್ ಇಂಜೆಕ್ಷನ್, 300 ಮಿಲಿಗ್ರಾಂ, 4 ವಾರಕ್ಕೊಮ್ಮೆ. ಅದಕ್ಕೂ ಬಗ್ಗದವರಿಗೆ ಸೈಕ್ಲೋಸ್ಪೊರಿನ್ ಅನ್ನೋ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಬಿಪಿ, ಕಿಡ್ನಿ ಎಲ್ಲ ಪರೀಕ್ಷೆ ಮಾಡಿಸುತ್ತಾ.

ಈ ಕ್ರಮದ ಮೇಲೆ ನನಗೆ ಸಿಟ್ಟಿಲ್ಲ. ಮಾತ್ರೆಯಲ್ಲೇ ಹೋಗುವುದಕ್ಕೆ ದುಬಾರಿ ಇಂಜೆಕ್ಷನ್ ಯಾಕೆ ಬೇಕು? ಸಿಟ್ಟಿರುವುದು ಒಂದೊಂದು ಮೆಟ್ಟಿಲಲ್ಲೂ ನಮ್ಮನ್ನು ಕೂರಿಸಿ ಮರೆತುಬಿಡುವುದರ ಮೇಲೆ. ಮಾರ್ಗಸೂಚಿ ಹೇಳುವುದು 2ರಿಂದ 4 ವಾರ ನೋಡಿ, ತಡೆಯಲಾಗದಷ್ಟು ತುರಿಕೆ ಇದ್ದರೆ ಅದಕ್ಕೂ ಮೊದಲೇ ಮುಂದೆ ಹೋಗಿ ಅಂತ. ಆ ಎರಡನೇ ಅರ್ಧವನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಅದೇ ಮಾತ್ರೆ, ಅದೇ ಪ್ರಮಾಣ, 'ಇನ್ನೂ ಸ್ವಲ್ಪ ದಿನ ನೋಡೋಣ.' ಬೇಸತ್ತು ಬೇರೆ ಡಾಕ್ಟರ ಹತ್ತಿರ ಹೋದಿರೋ, ಹಾವು ಏಣಿ ಆಟವೇ ಸರಿ: ಹಳೇ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ರಾತ್ರಿಗೊಂದು ಮಾತ್ರೆ.

ಈ ಕಾಯಿಲೆಗೆ ಇನ್ನೊಂದು ದುರ್ಬುದ್ಧಿ ಇದೆ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೇ ಇಲ್ಲದಂತೆ ಮಾಯವಾಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಡಿಸಿ, ಬೆಳಿಗ್ಗೆ ನಾವು ಟೋಕನ್ ಹಿಡಿದು ಕೂತಾಗ ಕೈ ಮುಖ ಎಲ್ಲ ಚೊಕ್ಕ! ಡಾಕ್ಟರು ನೋಡಿ 'ಚೆನ್ನಾಗೇ ಇದೆಯಲ್ಲ' ಅಂದರೆ ಏನು ಹೇಳೋದು? ಇದಕ್ಕೂ ದಾರಿ ಇದೆ. ದದ್ದು ಎಷ್ಟು ಅನ್ನುವುದಕ್ಕೆ 0ಯಿಂದ 3, ತುರಿಕೆ ಎಷ್ಟು ಅನ್ನುವುದಕ್ಕೆ 0ಯಿಂದ 3, ದಿನಾ ಬರೆದು 7 ದಿನದ್ದು ಕೂಡಿಸಬೇಕು. ಗರಿಷ್ಠ 42. ಸೊನ್ನೆಗೆ ಇಳಿಸುವುದೇ ಗುರಿ. ನನ್ನ ಹತ್ತಿರ ಈ ಲೆಕ್ಕ ಕೇಳಿದವರು ಕಡಿಮೆ. ನಾನೇ ಬರೆದುಕೊಂಡು, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತೇನೆ.

ತಮಾಷೆ ಅಂದರೆ, ಮುಂದಿನ ಮೆಟ್ಟಿಲಿಗೆ ಇಷ್ಟು ಕಾಯಿಸುವ ಊರಿನಲ್ಲಿ ಸ್ಟೀರಾಯ್ಡ್ ಮಾತ್ರ ಕೇಳುವುದಕ್ಕೆ ಮುಂಚೆ ಸಿಗುತ್ತದೆ. ಬೀದಿಯ ಕ್ಲಿನಿಕ್ಕಿಗೆ ಹೋಗಿ, ಒಂದು ಸೂಜಿ ಅಥವಾ ಪ್ರೆಡ್ನಿಸೊಲೋನ್ ಮಾತ್ರೆ, ಸಂಜೆಗೆ ಮೈ ತಣ್ಣಗೆ. ನಿಲ್ಲಿಸಿದ ಮೇಲೆ ಎಷ್ಟೋ ಜನಕ್ಕೆ ಮತ್ತೆ ಏಳುತ್ತದೆ. ತೀರಾ ಜಾಸ್ತಿಯಾದಾಗ ಹೆಚ್ಚೆಂದರೆ 10 ದಿನ ಅಂತ ಮಾರ್ಗಸೂಚಿಯಲ್ಲಿದೆ, ದೀರ್ಘಕಾಲ ಬೇಡವೇ ಬೇಡ. ಸುಮ್ನೆ ವರ್ಷಗಟ್ಟಲೆ ನುಂಗಿ ಸಕ್ಕರೆ ಕಾಯಿಲೆ ತಂದುಕೊಳ್ಳುವವರೂ ಇದ್ದಾರೆ.

ಇನ್ನು ದುಡ್ಡು. ಇಂಜೆಕ್ಷನ್ ಹಂತಕ್ಕೆ ಬಂದರೂ ಬಹಳಷ್ಟು ವಿಮೆಗಳು ಆಸ್ಪತ್ರೆಗೆ ಸೇರದೆ ತೆಗೆದುಕೊಳ್ಳುವ ಔಷಧಕ್ಕೆ ಹಣ ಕೊಡುವುದಿಲ್ಲ. ಅದರ ಬಗ್ಗೆ ಮಾತಾಡಲು ಇನ್ನೊಂದು ದಿನವೇ ಬೇಕು.

ಹಾಗೇ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಯಾವ ಮೆಟ್ಟಿಲೂ ನೋಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕೇಳುತ್ತಿರುವ ಡಾಕ್ಟರುಗಳಿಗೆ ಒಂದೇ ಮಾತು. ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಬರೆಯಿರಿ: ಈಗ ಯಾವ ಮೆಟ್ಟಿಲು, ಯಾವತ್ತಿನಿಂದ, ಕಡಿಮೆಯಾಗದಿದ್ದರೆ ಯಾವ ತಾರೀಖಿಗೆ ಮುಂದಿನದು. ಅವರು ಬರೆಯದಿದ್ದರೆ, ಎದ್ದು ಬರುವ ಮೊದಲು ನೀವೇ ಕೇಳಿ ಬರೆಸಿಕೊಳ್ಳಿ. ನಮಸ್ಕಾರ.