ಹಿತ್ತಾಳೆ ವಾದ್ಯಕ್ಕೊಂದು ಹೊಸ ಕನ್ಚೆರ್ಟೊ: ನಾಲ್ಕು ಸಂಸ್ಥೆ ಕೂಡಿ ಬರೆಸುವ ಬಗೆ

ಬೆಳಗಾವಿಯ ಸಂಗೀತಪ್ರಿಯರಿಗೆ, ಬ್ಯಾಂಡ್ ಮಾಸ್ತರರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಈ ಊರಿಗೆ ಹಿತ್ತಾಳೆ ವಾದ್ಯ ಹೊಸದೇನಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ. ಮದುವೆ ಸೀಸನ್ ಬಂತೆಂದರೆ ಟ್ರಂಪೆಟ್ಟು, ಯುಫೋನಿಯಮ್ಮು ಓಣಿ ಓಣಿಯಲ್ಲಿ ಕೇಳುತ್ತವೆ. ಆ ವಾದ್ಯವನ್ನೇ ಮುಂದೆ ನಿಲ್ಲಿಸಿ, ಹಿಂದೆ ಸಿಂಫನಿ ವಾದ್ಯವೃಂದ ಕೂಡಿಸಿ, ಇಪ್ಪತ್ತು ನಿಮಿಷದ ಹೊಸ ಕೃತಿ, ಅಂದರೆ ಕನ್ಚೆರ್ಟೊ, ಬರೆಸುವುದು ಮಾತ್ರ ಬೇರೆಯೇ ಕೆಲಸ. ಅದನ್ನು ಮೂರ್ನಾಲ್ಕು ಸಂಸ್ಥೆಗಳು ಕೂಡಿ ಹೇಗೆ ಮಾಡುತ್ತವೆ, ಎಲ್ಲಿ ಕೆಡುತ್ತದೆ ಎನ್ನುವುದು ಇವತ್ತಿನ ವಿಷಯ.

ಕೂಡಿ ಬರೆಸುವುದೆಂದರೆ ಖರ್ಚು ಹಂಚಿಕೊಳ್ಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಖರ್ಚು ಹಂಚಿಹೋಗುವುದು ಖರೆ. ಆದರೆ ದೊಡ್ಡ ಲಾಭ ಅದಲ್ಲ. ಹೊಸ ಕೃತಿಯ ಮೊದಲ ಪ್ರಯೋಗಕ್ಕೆ ಎಲ್ಲರೂ ಮುಂದೆ ಬರುತ್ತಾರೆ, ಪತ್ರಿಕೆಯಲ್ಲಿ ಹೆಸರು ಬರುತ್ತದಲ್ಲ. ಎರಡನೇ ಪ್ರಯೋಗಕ್ಕೆ ಯಾರೂ ಇರುವುದಿಲ್ಲ. ನಾಲ್ಕು ಸಂಸ್ಥೆ ಸಹಿ ಹಾಕಿದರೆ ಕೃತಿಯ ಒಂದು ಸ್ವರ ಬರೆಯುವ ಮೊದಲೇ ನಾಲ್ಕು ಪ್ರಯೋಗ ನಿಶ್ಚಯವಾಗಿರುತ್ತವೆ.

ಹಿತ್ತಾಳೆಗೆ ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಹದಿನೆಂಟನೇ ಶತಮಾನದ ದೊಡ್ಡ ರಚನಕಾರ ಹೈಡನ್ನನ ಟ್ರಂಪೆಟ್ ಕನ್ಚೆರ್ಟೊ ನೋಡಿ. ವಿಯೆನ್ನಾದ ಆಂಟನ್ ವೈಡಿಂಗರ್ ಕೀಲಿಗಳಿರುವ ಹೊಸ ನಮೂನೆಯ ಟ್ರಂಪೆಟ್ ನುಡಿಸುತ್ತಿದ್ದ. ಅವನಿಗಾಗಿ ಹೈಡನ್ 1796ರಲ್ಲಿ ಬರೆದ, ಪ್ರಯೋಗವಾದದ್ದು 1800ರಲ್ಲಿ. ಆಮೇಲೆ ವಾಲ್ವ್, ಅಂದರೆ ಬೆರಳಿನಿಂದ ಒತ್ತುವ ಗುಂಡಿ, ಇರುವ ಟ್ರಂಪೆಟ್ ಬಂತು, ಕೀಲಿ ಟ್ರಂಪೆಟ್ ಮೂಲೆಗೆ ಬಿತ್ತು, ಅದರ ಜೊತೆ ಕೃತಿಯೂ ಮೂಲೆಗೆ ಬಿತ್ತು. ಮತ್ತೆ ಚಲಾವಣೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಬರೆದವನು ಹೈಡನ್ ಆಗಿದ್ದೂ ಹೀಗೆ! ಒಬ್ಬನೇ ವಾದಕ, ಒಂದೇ ನಮೂನೆಯ ವಾದ್ಯ ನಂಬಿದ ಕೃತಿಗೆ ಈ ಅಪಾಯ ಇದ್ದೇ ಇದೆ.

ಈಗಿನ ಪದ್ಧತಿಗೆ ಎರಡು ಉದಾಹರಣೆ ಸಾಕು. ಅಮೆರಿಕದಲ್ಲಿ 2005ರಲ್ಲಿ ರಚನಕಾರರಾದ ಜೋನ್ ಟವರ್ ಅವರಿಂದ 65 ವಾದ್ಯವೃಂದಗಳು ಕೂಡಿ ಒಂದು ಕೃತಿ ಬರೆಸಿದವು. ಬಹಳಷ್ಟು ಸಣ್ಣ ಊರಿನವು, ಐವತ್ತೂ ರಾಜ್ಯಗಳಲ್ಲಿ ಪ್ರಯೋಗವಾಯಿತು. ಹಿತ್ತಾಳೆಯಲ್ಲಿ, ಜೆನಿಫರ್ ಹಿಗ್ಡನ್ ಅವರಿಂದ ಟ್ರೊಂಬೋನ್ ಮತ್ತು ಟ್ಯೂಬಾ ವಾದಕರಿಗಾಗಿ ಷಿಕಾಗೊ, ಫಿಲಡೆಲ್ಫಿಯಾ, ಬಾಲ್ಟಿಮೋರ್ ವಾದ್ಯವೃಂದಗಳು ಕೂಡಿ ಬರೆಸಿದ ಕನ್ಚೆರ್ಟೊ 2018ರಲ್ಲಿ ಷಿಕಾಗೊದಲ್ಲಿ ಮೊದಲು ಪ್ರಯೋಗವಾಯಿತು. ನಮ್ಮ ಹತ್ತಿರದ್ದೆಂದರೆ ಮುಂಬೈಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದು ಜಾಕಿರ್ ಹುಸೇನರಿಂದ ತಬಲಾ ಕನ್ಚೆರ್ಟೊ ಬರೆಸಿ 2015ರಲ್ಲಿ ನುಡಿಸಿತು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಬೇಕಾದವನು ಸೋಲೊ ವಾದಕ. ಸಂಸ್ಥೆಗಳು ತಾವೇ ಕೂತು ರಚನಕಾರರನ್ನು ಆರಿಸಿ, ಆಮೇಲೆ ವಾದಕನನ್ನು ಹುಡುಕಿದರೆ ಕೃತಿ ಯಾರ ತುಟಿಗೂ ಹೊಂದುವುದಿಲ್ಲ. ವಾದಕ ಮತ್ತು ರಚನಕಾರರು ಜೋಡಿಯಾಗಿಯೇ ಬರಬೇಕು. ಆ ಜೋಡಿಯ ಪ್ರಸ್ತಾಪ ಹಿಡಿದು ಒಂದು ಸಂಸ್ಥೆ ಮುಂದಾಳು ಆಗಬೇಕು. ರಚನಕಾರರ ಜೊತೆ ಕರಾರು ಮಾಡಿಕೊಳ್ಳುವುದು ಮುಂದಾಳು ಮಾತ್ರ. ಉಳಿದ ಮೂವರು ಮುಂದಾಳಿನ ಜೊತೆ ಕರಾರು ಮಾಡಿಕೊಳ್ಳುತ್ತಾರೆ. ರಚನಕಾರರಿಗೆ ನಾಲ್ಕು ಕಡೆಯಿಂದ ನಾಲ್ಕು ಸೂಚನೆ ಹೋದರೆ ಕೆಲಸ ನಿಂತೇ ಹೋಗುತ್ತದೆ.

ಕರಾರಿಗಿಂತ ಮೊದಲು ವಾದ್ಯದ ಮಾತು, ಯಾಕೆಂದರೆ ಕರಾರಿನ ಅರ್ಧ ವಿಷಯ ಅಲ್ಲಿಂದಲೇ ಹುಟ್ಟುತ್ತದೆ. ಪಿಟೀಲಿನವನು ಇಪ್ಪತ್ತು ನಿಮಿಷ ಬಿಡದೆ ನುಡಿಸಬಲ್ಲ. ಹಿತ್ತಾಳೆಯವನಿಗೆ ಅದಾಗದು. ಸ್ವರ ಹುಟ್ಟುವುದು ತುಟಿಯ ಕಂಪನದಿಂದ. ಮೌತ್‌ಪೀಸಿನ ಒತ್ತಡಕ್ಕೆ ತುಟಿಯಲ್ಲಿ ರಕ್ತಸಂಚಾರ ಕಡಿಮೆಯಾಗುತ್ತದೆ. ಎತ್ತರದ ಸ್ವರಗಳಲ್ಲಿ ಬಲುಬೇಗ. ಆಮೇಲೆ ಎಷ್ಟು ದಮ್ಮು ಕಟ್ಟಿದರೂ ಸ್ವರ ಒಡೆಯುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷದ ಕೃತಿಯಲ್ಲಿ ಸೋಲೊ ವಾದ್ಯ ನಿಜವಾಗಿ ನುಡಿಯುವುದು ಹನ್ನೆರಡು ಹದಿಮೂರು ನಿಮಿಷ ಇದ್ದರೆ ಒಳ್ಳೆಯದು, ನಡುನಡುವೆ ವಾದ್ಯ ಕೆಳಗಿಳಿಸುವಷ್ಟು ಬಿಡುವೂ ಬೇಕು. ಕಡೆನ್ಜಾ, ಅಂದರೆ ವಾದ್ಯವೃಂದ ಸುಮ್ಮನಿದ್ದು ಸೋಲೊ ಒಂದೇ ನುಡಿಯುವ ಭಾಗ, ಮೂರನೇ ಭಾಗದ ಕೊನೆಗಿಟ್ಟು ಅದರ ಬೆನ್ನಿಗೇ ಎತ್ತರದ ಸಮಾಪ್ತಿ ಬರೆದರೆ, ಆ ರಚನಕಾರರು ಟ್ರಂಪೆಟ್ ನುಡಿಸಿ ನೋಡಿಲ್ಲ ಎಂದೇ ಅರ್ಥ.

ಮ್ಯೂಟ್, ಅಂದರೆ ವಾದ್ಯದ ಬಾಯಿಗೆ ಸಿಕ್ಕಿಸಿ ಧ್ವನಿ ಬದಲಿಸುವ ಮುಚ್ಚಳ, ಬದಲಿಸಲೂ ಸಮಯ ಬೇಕು. ಮಿನಿಟಿಗೆ 120 ಲಯದಲ್ಲಿ ನಾಲ್ಕು ಮಾತ್ರೆಯ ಎರಡು ಬಾರ್ ಅಂದರೆ ನಾಲ್ಕು ಸೆಕೆಂಡು. ಹಾರ್ಮನ್ ಮ್ಯೂಟ್ ತೆಗೆದು ಕಪ್ ಮ್ಯೂಟ್ ಹಾಕಲು ಅದು ಸಾಲದು. ಟ್ಯೂಬಾಕ್ಕೆ ಉಸಿರಿನದೇ ಚಿಂತೆ: ಕೆಳಗಿನ ಸ್ವರ ಜೋರಾಗಿ ನುಡಿಸಿದರೆ ಒಂದು ಉಸಿರು ಕೆಲವೇ ಸೆಕೆಂಡು ಬರುತ್ತದೆ. ಫ್ರೆಂಚ್ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಸಭಿಕರ ಕಡೆಗಲ್ಲ. ಅದರ ಹಿಂದೆ ದಟ್ಟವಾಗಿ ಬರೆದರೆ ಸೋಲೊ ಮುಳುಗಿಹೋಗುತ್ತದೆ.

ಟ್ರೊಂಬೋನ್ ಬಗ್ಗೆ ಇಲ್ಲಿಯವರಿಗೆ ವಿಶೇಷವಾಗಿ ಹೇಳಬೇಕು. ಸ್ಲೈಡ್ ಇದೆಯಲ್ಲ, ಹಿಂದೂಸ್ತಾನಿಯ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಎಷ್ಟು ಬೇಕಾದರೂ ಎಳೆಯಬಹುದು ಎಂದು ಅನಿಸುತ್ತದೆ. ಆಗುವುದಿಲ್ಲ. ಸ್ಲೈಡಿನ ಸ್ಥಾನಗಳು ಏಳು, ನಡುವಿನ ಅಂತರ ಆರು ಅರ್ಧಸ್ವರ. ಮೀಂಡ್ ಮುರಿಯದೆ ಎಳೆಯುವ ಗರಿಷ್ಠ ದೂರ ಷಡ್ಜದಿಂದ ತೀವ್ರ ಮಧ್ಯಮದವರೆಗೆ, ಅಷ್ಟೇ. ಅದೂ ಎಲ್ಲ ಷಡ್ಜಗಳಿಂದಲ್ಲ; ಎರಡೂ ಸ್ವರ ತುಟಿ ಬದಲಿಸದೆ ಬರುವ ಒಂದೇ ಸ್ವರಶ್ರೇಣಿಯಲ್ಲಿ, ಸ್ಲೈಡಿನ ಎರಡು ತುದಿಗಳಲ್ಲಿ ಸಿಗಬೇಕು. ಷಡ್ಜದಿಂದ ಪಂಚಮಕ್ಕೆ ಮೀಂಡ್ ಬರೆದರೆ ವಾದಕ ನಡುವೆ ಎಲ್ಲೋ ಕಳ್ಳದಾರಿ ಹಿಡಿಯಲೇಬೇಕು. ರಾಗದ ಆಧಾರದಲ್ಲಿ ಕನ್ಚೆರ್ಟೊ ಬರೆಸುವವರು ಇದನ್ನು ಮೊದಲ ದಿನವೇ ರಚನಕಾರರ ಮುಂದಿಡಬೇಕು.

ಯುಫೋನಿಯಮ್ಮಿಗೂ ಇಂಥದೇ ಒಂದು ಗುಟ್ಟಿದೆ. ನಮ್ಮ ಮದುವೆ ಬ್ಯಾಂಡುಗಳಲ್ಲಿ ಮೂರು ವಾಲ್ವಿನದು ಸಾಮಾನ್ಯ, ಮೀರತ್‌ನಲ್ಲಿ ತಯಾರಾದದ್ದು. ಬಿ-ಫ್ಲಾಟ್ ವಾದ್ಯದಲ್ಲಿ ಮೂರೂ ವಾಲ್ವ್ ಒತ್ತಿದರೆ ಕೆಳಗೆ ಇ ಸ್ವರದವರೆಗೆ ಇಳಿಯಬಹುದು. ಅಲ್ಲಿಂದ, ವಾಲ್ವ್ ಒತ್ತದೆ ಬರುವ ಅತಿ ಕೆಳಗಿನ ಸ್ವರವಾದ ಪೆಡಲ್ ಬಿ-ಫ್ಲಾಟ್‌ವರೆಗಿನ ಐದು ಅರ್ಧಸ್ವರಗಳು ಆ ವಾದ್ಯದಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಒಂದು ಮತ್ತು ಮೂರನೇ ವಾಲ್ವ್ ಕೂಡಿ ಒತ್ತಿದರೆ ಸ್ವರ ಸರಿಯಾದ ಶ್ರುತಿಗಿಂತ ಏರುತ್ತದೆ, ಮೂರೂ ಒತ್ತಿದರೆ ಇನ್ನೂ ಏರುತ್ತದೆ. ಇದನ್ನು ಸರಿಪಡಿಸಿದ್ದೇ ನಾಲ್ಕು ವಾಲ್ವಿನ ಕಾಂಪೆನ್ಸೇಟಿಂಗ್, ಅಂದರೆ ಶ್ರುತಿ ತಾನೇ ಸರಿದೂಗಿಸುವ, ವಾದ್ಯ. ಕೃತಿ ಬರೆಸುವ ನಾಲ್ಕು ಸಂಸ್ಥೆಗಳಲ್ಲಿ ಒಂದರ ವಾದಕನ ಹತ್ತಿರ ಮೂರು ವಾಲ್ವಿನದೇ ಇದ್ದರೆ, ಆ ಐದು ಸ್ವರ ಬರುವ ಕಡೆಯೆಲ್ಲ ಪರ್ಯಾಯ ಸಾಲು ಬರೆದುಕೊಡಬೇಕು ಎಂದು ಕರಾರಿನಲ್ಲೇ ಹಾಕಬೇಕು. ಟ್ರಂಪೆಟ್ಟಿನ ಅತಿ ಎತ್ತರದ ಸ್ವರಗಳಿಗೂ ಇದೇ ನಿಯಮ. ಮೊದಲ ವಾದಕ ಎತ್ತರಕ್ಕೆ ಹೋಗುವ ಗಟ್ಟಿಗನಿರಬಹುದು, ಉಳಿದ ಮೂವರು ಹಾಗೇ ಇರಬೇಕೆಂದಿಲ್ಲ. ಇನ್ನೊಂದು: ಹಳೆಯ ಬ್ಯಾಂಡುಗಳಲ್ಲಿ ಬ್ರಿಟಿಷರ ಕಾಲದ ಹೈ ಪಿಚ್ ವಾದ್ಯ ಇನ್ನೂ ಸಿಗುತ್ತವೆ, ಎ ಸ್ವರ ಸೆಕೆಂಡಿಗೆ 452 ಕಂಪನದ ಆಸುಪಾಸು. ವಾದ್ಯವೃಂದ ಶ್ರುತಿ ಮಾಡುವುದು 440 ಅಥವಾ 442ಕ್ಕೆ. ಶ್ರುತಿ ಹೊಂದಿಸುವ ಸ್ಲೈಡ್ ಎಷ್ಟು ಹೊರಗೆಳೆದರೂ ಅವು ಕೂಡುವುದಿಲ್ಲ.

ವಾದ್ಯವೃಂದದ ಗಾತ್ರ ನಿಶ್ಚಯಿಸುವವರು ದೊಡ್ಡ ಪಾಲುದಾರರಲ್ಲ, ಎಲ್ಲರಿಗಿಂತ ಸಣ್ಣವರು. ಎರಡೆರಡು ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್, ಎರಡು ಹಾರ್ನ್, ಎರಡು ಟ್ರಂಪೆಟ್, ಒಂದು ಟ್ರೊಂಬೋನ್, ಟಿಂಪನಿ, ತಾಳವಾದ್ಯಕ್ಕೆ ಒಬ್ಬರು, ಮತ್ತು ತಂತಿವಾದ್ಯಗಳು. ಇಷ್ಟರಲ್ಲಿ ಮುಗಿಸಬಲ್ಲವರು ಜಾಣ ರಚನಕಾರರು. 1954ರಲ್ಲಿ ಲಂಡನ್ ಸಿಂಫನಿ ವಾದ್ಯವೃಂದದ ಐವತ್ತನೇ ವರ್ಷಕ್ಕೆ ಇಂಗ್ಲೆಂಡಿನ ರಚನಕಾರ ವಾನ್ ವಿಲಿಯಮ್ಸ್ ಬರೆದ ಟ್ಯೂಬಾ ಕನ್ಚೆರ್ಟೊ ಸುಮಾರು 13 ನಿಮಿಷದ್ದು, ವಾದ್ಯವೃಂದವೂ ಭಾರೀ ಏನಲ್ಲ. ಅದು ಇವತ್ತಿಗೂ ಎಲ್ಲ ಕಡೆ ನಡೆಯುವುದಕ್ಕೆ ಅದೂ ಒಂದು ಕಾರಣ. ಹಾರ್ಪು, ಕಾಂಟ್ರಾಬಸೂನು, ಮರಿಂಬಾ ಬರೆದರೆ ಭಾರತದಲ್ಲಿ ವಾದ್ಯ ಹುಡುಕುವುದೇ ಒಂದು ಯೋಜನೆ ಆಗುತ್ತದೆ.

ಈಗ ದುಡ್ಡು. ಲೆಕ್ಕಕ್ಕೆ ರಚನಕಾರರ ಸಂಭಾವನೆ 10 ಲಕ್ಷ ಎಂದಿಟ್ಟುಕೊಳ್ಳಿ. ನಾಲ್ವರಿಗೆ ಸಮಪಾಲು ಮಾಡಬೇಡಿ. ಮೊದಲ ಪ್ರಯೋಗದ ಹಕ್ಕು ಪಡೆದವರು 4 ಲಕ್ಷ, ಉಳಿದವರು ಎರಡೂವರೆ, ಎರಡು, ಒಂದೂವರೆ. ಯಾರಾದರೂ ನಡುವೆ ಕೈಬಿಟ್ಟರೆ ಉಳಿದವರು ಅವರ ಪಾಲು ಹೊರಬೇಕೋ, ಬೇರೆಯವರನ್ನು ಕರೆತರಬೇಕೋ, ಬರೆದಿಡಿ. ಬರೆಯದಿದ್ದರೆ ಹೊರೆ ಮುಂದಾಳಿನ ಮೇಲೇ ಬೀಳುತ್ತದೆ. ಸಂಭಾವನೆ ಮೂರು ಕಂತು: ಸಹಿಯಾದಾಗ, ವಾದ್ಯವೃಂದದ ಪಾಲನ್ನು ಪಿಯಾನೊಗೆ ಇಳಿಸಿದ ಸಂಕ್ಷಿಪ್ತ ಪ್ರತಿ ಕೈಗೆ ಬಂದಾಗ, ಎಲ್ಲ ವಾದ್ಯಗಳ ಸಾಲು ಒಟ್ಟಿಗಿರುವ ಫುಲ್ ಸ್ಕೋರ್ ಬಂದಾಗ. ಒಮ್ಮೆಲೇ ಮೊದಲೇ ಕೊಟ್ಟರೆ ಕೃತಿ ತಡ, ಎಲ್ಲ ಕೊನೆಗಿಟ್ಟರೆ ರಚನಕಾರರು ನಡುವೆ ಬೇರೆ ಕೆಲಸ ಹಿಡಿಯುತ್ತಾರೆ. 10 ಲಕ್ಷ ಟಿಡಿಎಸ್ ಕಳೆಯುವ ಮೊದಲೋ ಕಳೆದ ಮೇಲೋ, ಅದೂ ಬರೆದಿರಲಿ. ಪಾಲುದಾರರಲ್ಲಿ ಒಬ್ಬರು ವಿದೇಶದವರಾದರೆ ಅವರ ಪಾಲು ಇಲ್ಲಿಯ ಟ್ರಸ್ಟಿನ ಖಾತೆಗೆ ಬರುವಂತೆ ಮಾಡಬೇಡಿ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದಿದ್ದರೆ ತೊಡಕಾದೀತು. ನೇರವಾಗಿ ರಚನಕಾರರಿಗೇ ಹೋಗಲಿ.

ಸಂಭಾವನೆಯಲ್ಲಿ ಪಾರ್ಟುಗಳ, ಅಂದರೆ ಒಂದೊಂದು ವಾದ್ಯದವರು ನೋಡಿ ನುಡಿಸುವ ಹಾಳೆಗಳ, ಖರ್ಚು ಸೇರಿರುವುದಿಲ್ಲ, ಇದನ್ನು ಮರೆಯುವವರೇ ಹೆಚ್ಚು. ಮೇಲೆ ಹೇಳಿದ ವಾದ್ಯವೃಂದಕ್ಕೆ ಊದುವವರು ಹದಿಮೂರು, ಬಾರಿಸುವವರು ಇಬ್ಬರು, ಒಟ್ಟು 15 ಪಾರ್ಟು. ತಂತಿಯಲ್ಲಿ 12, 10, 8, 6, 4 ಜನ; ಇಬ್ಬರಿಗೊಂದರಂತೆ 20. ಒಟ್ಟು 35 ಪಾರ್ಟು ಪ್ರತಿ ಪ್ರಯೋಗಕ್ಕೆ. ಎ4 ಕಾಗದದಲ್ಲಿ ಮುದ್ರಿಸಬೇಡಿ, ಇಬ್ಬರು ದೂರದಿಂದ ಓದುವ ಹಾಳೆ ಅದು; 9ಕ್ಕೆ 12 ಇಂಚಿಗಿಂತ ಕಡಿಮೆ ಬೇಡ, ಐದು ಗೆರೆಗಳ ಎತ್ತರ 7ರಿಂದ 8 ಮಿಲಿಮೀಟರ್. ಪುಟ ತಿರುವುವ ಜಾಗ ವಿರಾಮದಲ್ಲೇ ಬರಬೇಕು. ಫುಲ್ ಸ್ಕೋರಿನ ಬಾರ್ ಸಂಖ್ಯೆ ಮತ್ತು ಪಿಯಾನೊ ಪ್ರತಿಯ ಬಾರ್ ಸಂಖ್ಯೆ ಬೇರೆ ಬೇರೆಯಾದರೆ ತಾಲೀಮಿನ ಮೊದಲ ಅರ್ಧ ಗಂಟೆ ಹೊಂದಿಸುವುದರಲ್ಲೇ ಹೋಗುತ್ತದೆ. ಎರಡೂವರೆ ಗಂಟೆಯ ತಾಲೀಮಿನಲ್ಲಿ ಕನ್ಚೆರ್ಟೊದ ಪಾಲಿಗೆ ಬರುವುದೇ ಮುಕ್ಕಾಲು ಅಥವಾ ಒಂದು ಗಂಟೆ.

ಹಕ್ಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ದುಡ್ಡು ಕೊಟ್ಟವರದೇ ಕೃತಿ ಎಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತಕೃತಿಯ ಮೊದಲ ಒಡೆತನ ರಚನಕಾರರದೇ, ಅವರು ನಿಮ್ಮ ನೌಕರರಾಗಿ ಬರೆದಿದ್ದರೆ ಮಾತ್ರ ಬೇರೆ. ಹಕ್ಕು ವಹಿಸಿಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಕಾಯ್ದೆಯೇ ಹಿಡಿಯುತ್ತದೆ. ಬರೆಸುವವರಿಗೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಸ್ಕೋರಿನ ಮೊದಲ ಪುಟದಲ್ಲಿ ನಾಲ್ವರ ಹೆಸರು, ತಮ್ಮ ಸೀಮೆಯ ಮೊದಲ ಪ್ರಯೋಗ, ಪಾರ್ಟುಗಳಿಗೆ ಬಾಡಿಗೆ ಇಲ್ಲದೆ ಒಂದು ಸಲ ನುಡಿಸುವ ಹಕ್ಕು, ಮತ್ತು ಮೊದಲ ಪ್ರಯೋಗದಿಂದ ಒಂದು, ಒಂದೂವರೆ ವರ್ಷ ಹೊರಗಿನವರಿಗೆ ಕೊಡದಿರುವ ಮಾತು. ಅದಕ್ಕಿಂತ ಹೆಚ್ಚು ಕಾಲ ಕಟ್ಟಿಹಾಕಿದರೆ ನಾವೇ ಕೃತಿಯ ಕತ್ತು ಹಿಚುಕಿದಂತೆ.

ಸಹಿಯಿಂದ ಮೊದಲ ಪ್ರಯೋಗಕ್ಕೆ ಎರಡು ವರ್ಷ ಇಟ್ಟುಕೊಳ್ಳಿ. ಸೋಲೊ ಪಾರ್ಟು ಮತ್ತು ಪಿಯಾನೊ ಪ್ರತಿ ಆರು ತಿಂಗಳು ಮುಂಚೆ, ಫುಲ್ ಸ್ಕೋರ್ ನಾಲ್ಕು ತಿಂಗಳು, ಪಾರ್ಟುಗಳು ಎರಡು ತಿಂಗಳು. ಅರ್ಧ ಬರೆದಾದ ಮೇಲೆ ವಾದಕ ಮತ್ತು ಪಿಯಾನೊದವರನ್ನು ಕೂಡಿಸಿ ಎರಡು ಗಂಟೆ ಓದಿಸಿ. ತಿದ್ದುಪಡಿ ಆಗುವುದು ಆಗಲೇ, ವಾದ್ಯವೃಂದದ ಮುಂದೆ ನಿಂತ ಮೇಲೆ ಅಲ್ಲ.

ಇನ್ನು ನನ್ನ ಮಟ್ಟಿಗೆ ಅತಿ ದೊಡ್ಡ ತೊಡಕು: ಮೊದಲ ಪ್ರಯೋಗದಲ್ಲಿ ಸಿಕ್ಕ ತಪ್ಪುಗಳು ಎರಡನೆಯವರಿಗೆ ತಲುಪದಿರುವುದು. ಎರಡನೇ ಹಾರ್ನಿನಲ್ಲಿ ಒಂದು ಶಾರ್ಪ್, ಅಂದರೆ ಸ್ವರ ಏರಿಸುವ ಗುರುತು, ಬಿಟ್ಟುಹೋಗಿದೆ, ತಾಲೀಮಿನಲ್ಲಿ ಪೆನ್ಸಿಲಿನಿಂದ ಹಾಕಿಕೊಂಡರು, ಅಲ್ಲಿಗೆ ಮುಗಿಯಿತು. ಮೂರು ವಾರದ ಮೇಲೆ ಇನ್ನೊಂದು ಊರಿನಲ್ಲಿ ಅದೇ ತಪ್ಪನ್ನು ಮತ್ತೆ ಹುಡುಕುತ್ತಾರೆ. ಮೊದಲ ಮತ್ತು ಎರಡನೇ ಪ್ರಯೋಗದ ನಡುವೆ ಎಂಟು ವಾರ ಬಿಡಿ. ತಿದ್ದುಪಟ್ಟಿ ಮಾಡುವ ಹೊಣೆ ಮೊದಲ ಸಂಸ್ಥೆಯ ಲೈಬ್ರರಿಯನ್‌ಗೆ ಹೆಸರಿಟ್ಟು ಕೊಡಿ. ಪ್ರತಿ ಪಾರ್ಟಿನ ಅಡಿಯಲ್ಲಿ ಆವೃತ್ತಿಯ ತಾರೀಖು ಇರಲಿ. ಪಿಟೀಲಿನವರು ಬಿಲ್ಲನ್ನು ಯಾವ ಕಡೆ ಎಳೆಯಬೇಕೆಂದು ಹಾಕಿಕೊಂಡ ಗುರುತುಗಳನ್ನೂ ಸ್ಕ್ಯಾನ್ ಮಾಡಿ ಕಳಿಸಿದರೆ ಎರಡನೆಯವರಿಗೆ ಒಂದು ತಾಲೀಮು ಉಳಿಯುತ್ತದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆಯವರು ಇದರಲ್ಲಿ ಎಲ್ಲಿ ಕೂಡಬಹುದು? ಸಿಂಫನಿ ವಾದ್ಯವೃಂದ ಇಲ್ಲಿಲ್ಲ, ಬ್ಯಾಂಡ್ ಇದೆ. ಅದೇ ಸೋಲೊ ಪಾರ್ಟು ಇಟ್ಟುಕೊಂಡು ತಂತಿವಾದ್ಯಗಳ ಬದಲು ಕ್ಲಾರಿನೆಟ್, ಸ್ಯಾಕ್ಸಫೋನ್, ಹಿತ್ತಾಳೆಗೆ ಬರೆದ ಬ್ಯಾಂಡ್ ರೂಪಾಂತರವನ್ನು ಮೂಲ ಕರಾರಿನಲ್ಲೇ ಕೇಳಬಹುದು. ಆಗ ಸಣ್ಣ ಪಾಲು ಕೊಟ್ಟು ನಾಲ್ಕನೇ ಪಾಲುದಾರರಾಗಬಹುದು. ಆಮೇಲೆ ಕೇಳಿದರೆ ಅದು ಹೊಸ ಕೆಲಸ, ಹೊಸ ಸಂಭಾವನೆ. ಜಾಗದ ಮಾತು ಬಂದರೆ, ಗೋಲಗುಮ್ಮಟದಲ್ಲಿ ನುಡಿಸೋಣ ಎನ್ನುವವರು ಒಬ್ಬರಾದರೂ ಇರುತ್ತಾರೆ. ಒಂದು ಚಪ್ಪಾಳೆಯೇ ಮತ್ತೆ ಮತ್ತೆ ಮರಳಿ ಬರುವ ಜಾಗದಲ್ಲಿ ಟ್ಯೂಬಾದ ವೇಗದ ಭಾಗ ಗದ್ದಲವಾಗುತ್ತದೆ. ಸಭಾಂಗಣವೇ ಸಾಕು, ವೇದಿಕೆಯ ಹಿಂದಿನ ಪರದೆ ಮಾತ್ರ ತೆಗೆಸಿ. ಬಟ್ಟೆ ಹಾರ್ನಿನ ಧ್ವನಿಯನ್ನು ನುಂಗುತ್ತದೆ.

ಪ್ರಶ್ನೆಗಳಿದ್ದರೆ ಈಗ ಕೇಳ್ರಿ. ಯುಫೋನಿಯಂ ತಂದವರು ಮುಂದೆ ಬಂದರೆ ಮೊದಲು ಎಷ್ಟು ವಾಲ್ವಿನದು ನೋಡೋಣ.