ಮೊದಲು ಬಾಚಣಿಗೆ, ಆಮೇಲೆ ನೀರು

ಮಾನ್ಯ ಕೇಳುಗರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿರುವ ಪುಟ್ಟ ನಾಯಿಯ ತಾಯಿ ಪೊಮೆರೇನಿಯನ್, ತಂದೆ ಬೀದಿಯದು. ಬೆನ್ನ ಮೇಲೆ ಒರಟಾದ ಗಿಡ್ಡ ಕೂದಲು. ಕಿವಿಯ ಹಿಂದೆ, ತೊಡೆಯಲ್ಲಿ, ಬಾಲದಲ್ಲಿ ಮಾತ್ರ ಹಿಂಜಿದ ಹತ್ತಿಯಂಥ ನವಿರು. ಇಂಥ ಮಿಶ್ರತಳಿಯ ನಾಯಿಗೆ ತಳಿಯ ಹೆಸರು ನೋಡಿ ಆರೈಕೆ ಗೊತ್ತುಮಾಡಲು ಬರುವುದಿಲ್ಲ; ಮೈತುಂಬ ಬೆರಳಾಡಿಸಿ, ಎಲ್ಲಿ ಎಂಥ ಕೂದಲಿದೆ ಎಂದು ನಾವೇ ಅರಿತುಕೊಳ್ಳಬೇಕಾಗುತ್ತದೆ.

ನಾಯಿಯ ಆರೈಕೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಬಕೆಟ್ಟಿಗೆ ನೀರು ಬಿಡುತ್ತಾರೆ. ನಾನೂ ಮೊದಮೊದಲು ಹಾಗೆಯೇ ಮಾಡಿ ಅದರ ಕಂಕುಳಲ್ಲಿ ಹುಣ್ಣಾಗಲು ಕಾರಣನಾದೆ. ಬಿಡಿಸದ ಗಂಟು ನೆನೆದರೆ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಅದರಡಿಯ ಚರ್ಮ ಒಣಗದೆ ತೇವದಲ್ಲೇ ಉಳಿದು, ಕೆರೆತ ಹತ್ತಿ, ಕೊನೆಗೆ ಹುಣ್ಣಾಗುತ್ತದೆ. ಆದ್ದರಿಂದ ಕೂದಲು ಒಣಗಿರುವಾಗಲೇ, ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತ ಹೋಗಬೇಕು. ಕಿವಿಯ ಹಿಂಭಾಗ, ಕಂಕುಳು ಮತ್ತು ಕೊರಳಪಟ್ಟಿಯ ಅಡಿಯನ್ನು ಎಂದೂ ಬಿಡಬಾರದು. ಅವಸರಕ್ಕೆ ಕತ್ತರಿ ಹಾಕುವುದು ಅಪಾಯ, ಏಕೆಂದರೆ ಗಂಟಿನೊಡನೆ ತೆಳುವಾದ ಚರ್ಮವೂ ಮೇಲೆದ್ದು ಕತ್ತರಿಯ ಬಾಯಿಗೆ ಸಿಕ್ಕಿಬಿಡುತ್ತದೆ. ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ ಓಡಾಡಿ ಬಂದ ನಾಯಿಯ ಮೈಯಲ್ಲಿ ಉತ್ತರಾಣಿಯ ಕಾಳು ಅಂಟಿರುತ್ತದೆ. ಅಂದಂದೇ ತೆಗೆಯದಿದ್ದರೆ ಅದರ ಸುತ್ತಲೇ ಹೊಸ ಗಂಟು ಕಟ್ಟುತ್ತದೆ.

ಸ್ನಾನ ತಿಂಗಳಿಗೊಮ್ಮೆ ಸಾಕು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ನಮ್ಮದರಷ್ಟು ಆಮ್ಲೀಯವೂ ಅಲ್ಲ. ನಮ್ಮ ಸಾಬೂನು ಅದಕ್ಕೆ ಒಗ್ಗುವುದಿಲ್ಲ. ಅದರಲ್ಲೂ ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿಯ ಕಿಟ್ಟವಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ. ನಾಯಿಗೆಂದೇ ಮಾಡಿದ ಶಾಂಪೂವನ್ನು ನೀರಿನಲ್ಲಿ ಕದಡಿ ಹಚ್ಚಿ, ಎರಡು ಸಲ ತೊಳೆಯುವುದು ಲೇಸು.

ಬೇಸಿಗೆಯಲ್ಲಿ ಕನಿಕರದಿಂದ ಮೈ ಬೋಳಿಸುವವರೂ ಇದ್ದಾರೆ. ಒಳಗೆ ತುಪ್ಪಳ, ಹೊರಗೆ ಉದ್ದ ಕೂದಲು ಇರುವ ನಾಯಿಗೆ ಆ ಹೊದಿಕೆಯೇ ನೆರಳು. ಸಡಿಲವಾದ ತುಪ್ಪಳವನ್ನು ಬಾಚಿ ತೆಗೆದರೆ ಸಾಕು.

ಉಣ್ಣೆ ಹುಳುವಿಗೆ ಸೀಮೆಎಣ್ಣೆ ಸವರುವ ರೂಢಿಯನ್ನಂತೂ ಬಿಡಲೇಬೇಕು. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಸೇರುತ್ತದೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಹುಡುಕಿ, ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಔಷಧ ಹಾಕುವುದಾದರೆ ನಾಯಿಯನ್ನು ಪಶು ಆಸ್ಪತ್ರೆಯಲ್ಲಿ ತೂಗಿಸಿಯೇ ಪಡೆಯಬೇಕು. ಪಕ್ಕದ ಮನೆಯ ದೊಡ್ಡ ನಾಯಿಗೆ ತಂದದ್ದರಲ್ಲಿ ಅಂದಾಜಿನ ಅರ್ಧ ಸಲ್ಲದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗುದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುವುದರಿಂದ, ನಾಯಿ ಮಲಗುವ ಜಾಗದ ಕಲ್ಲುಚಪ್ಪಡಿಯ ಸಂದುಗಳನ್ನೂ ಅದೇ ದಿನ ಕೆರೆದು ಗುಡಿಸಬೇಕು.

ನಮಸ್ಕಾರ.